ಸೀಟಿ ಸಾಹೇಬರ ಥೀಮ್ ಪಾರ್ಕ್ ದಂಡಯಾತ್ರೆ

ಹನ್ನೆರಡು ಅಂತಸ್ತಿನ ಕಟ್ಟಡವನ್ನು ಒಂದೇ ಸೀಟಿಗೆ ಖಾಲಿ ಮಾಡಿಸಬಲ್ಲ ಮನುಷ್ಯನಿಗೆ ತನ್ನ ಮನೆಯ ಬಚ್ಚಲೊಂದನ್ನು ಖಾಲಿ ಮಾಡಿಸುವ ತಾಕತ್ತು ಇರಲಿಲ್ಲ. ಒಳಗೆ ಮಕ್ಕಳು ಬಕೆಟ್ಟಿನಲ್ಲಿ ಹಡಗು ಬಿಡುತ್ತಿದ್ದರೆ ಹೊರಗೆ ಟವೆಲ್ ಸುತ್ತಿಕೊಂಡು ನಿಂತು ಬಾಗಿಲು ತಟ್ಟುವುದೇ ಅವರ ಬೆಳಗಿನ ವ್ಯಾಯಾಮ. ನಮ್ಮ ಸೀಟಿ ಸಾಹೇಬರ ಜೀವಮಾನದ ಕೊರಗು ಇದೇ.

ದೊಡ್ಡದೊಂದು ವಿಮಾ ಕಚೇರಿಯಲ್ಲಿ ಅವರು ಸುರಕ್ಷಾಧಿಕಾರಿ. ಬೆಂಕಿ ಬಿದ್ದರೆ ಜನ ಹೇಗೆ ಓಡಬೇಕು ಎಂದು ಬೆಂಕಿ ಬೀಳುವ ಮೊದಲೇ ಕಲಿಸುವುದು ಅವರ ಕೆಲಸ. ಆಗಾಗ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡು, ‘ಅಣಕು ಕಾರ್ಯಾಚರಣೆ’ ನಡೆಸುತ್ತಾರೆ. ಅವರೊಮ್ಮೆ ಊದಿದರೆ ಮ್ಯಾನೇಜರ್ ಆದಿಯಾಗಿ ಎಲ್ಲರೂ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲಿಳಿದು, ಗಾಡಿ ನಿಲ್ಲಿಸುವ ಜಾಗದಲ್ಲಿ ತಲೆಯ ಮೇಲೆ ಕೈಯಿಟ್ಟು ಕೂರಬೇಕು. (ಕೂತಲ್ಲಿಂದಲೇ ಶಾಪ ಹಾಕುತ್ತಾರೆ ಎನ್ನುವುದು ಬೇರೆ ಮಾತು. ಶಾಪಕ್ಕೆ ನಿಯಮಾವಳಿಯಲ್ಲಿ ಅಡ್ಡಿಯಿಲ್ಲ.) ಅವರ ಇಷ್ಟು ವರ್ಷದ ಸೇವೆಯಲ್ಲಿ ಆ ಕಟ್ಟಡದಲ್ಲಿ ಒಂದು ಕಾಗದದ ಚೂರೂ ಹೊತ್ತಿಕೊಂಡಿಲ್ಲ. ಅದು ತಮ್ಮ ಸೀಟಿಯ ಮಹಿಮೆ ಎಂದು ಅವರು ಮನಸಾರೆ ನಂಬಿದ್ದರು.

ಮನೆಯಲ್ಲಿ ಮಾತ್ರ ಆ ಸೀಟಿಗೆ ಕುಕ್ಕರಿನ ಸೀಟಿಯಷ್ಟೂ ಬೆಲೆಯಿರಲಿಲ್ಲ. ಕುಕ್ಕರ್ ಕೂಗಿದರೆ ಯಾರಾದರೂ ಎದ್ದು ಹೋಗಿ ಒಲೆಯನ್ನಾದರೂ ಆರಿಸುತ್ತಿದ್ದರು.

ಸಾಹೇಬರ ಹೆಂಡತಿ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವಳು. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ರೋಗಿಗಳೆಲ್ಲ ಹೊಗಳುವ ಕೈ. ಮನೆಯಲ್ಲಿ ಅವಳ ಮಾತೂ ಅದೇ ಜಾತಿಯದು. ಆಡಿ ಮುಗಿಸಿ ಅವಳು ಅಡುಗೆಮನೆಗೆ ಹೋದ ಎಷ್ಟೋ ಹೊತ್ತಿನ ಮೇಲೆ ಸಾಹೇಬರಿಗೆ ಎಲ್ಲೋ ಚುರುಕ್ ಅನ್ನುತ್ತಿತ್ತು. ಮಕ್ಕಳಿಬ್ಬರು. ಏಳು ವರ್ಷದ ಮಗಳನ್ನು ಎಲ್ಲರೂ ‘ದೊಡ್ಡವಳು’ ಎನ್ನುತ್ತಿದ್ದರು, ಅವಳೂ ಹಾಗೇ ನಡೆದುಕೊಳ್ಳುತ್ತಿದ್ದಳು. ನಾಲ್ಕರ ಮಗ ಚೋಟು, ಅಕ್ಕ ಮಾಡಿದ್ದನ್ನು ಇನ್ನೂ ಗಟ್ಟಿಯಾಗಿ ಮಾಡುವುದೊಂದೇ ಅವನ ಧ್ಯೇಯ.

ಶಾಲೆಗೆ ರಜೆ ಬಂತು. ಮಕ್ಕಳು ಥೀಮ್ ಪಾರ್ಕ್ ಜಪ ಶುರುಮಾಡಿದರು.

“ಈ ಸಲ ಕರ್ಕೊಂಡು ಹೋಗೇಬಿಡೋಣ ಕಣೇ,” ಅಂದರು ಸಾಹೇಬರು, ಊಟದ ಮೇಜಿನ ಮೇಲೆ ಕೈ ಕುಟ್ಟಿ.

“ಹೋಗೋಣ,” ಅಂದಳು ಹೆಂಡತಿ, ಒಗೆದ ಬಟ್ಟೆ ಮಡಚುತ್ತ. “ಎಷ್ಟು ಜನ ಹೋಗ್ತೀವಿ, ಎಷ್ಟು ಜನ ವಾಪಸ್ ಬರ್ತೀವಿ ಅನ್ನೋದನ್ನ ಮೊದ್ಲೇ ಹೇಳ್ಬಿಡಿ.”

ಇದು ಹೋದ ವರ್ಷದ ವಸ್ತುಪ್ರದರ್ಶನವನ್ನು ನೆನಪಿಸಿ ಕೊಟ್ಟ ಪೆಟ್ಟು. ಅಲ್ಲಿ ಚೋಟುವಿನ ಕೈ ಹಿಡಿದು ನಿಂತಿದ್ದ ಸಾಹೇಬರಿಗೆ ಗೋಡೆಯ ಮೇಲೊಂದು ಬೆಂಕಿ ನಂದಿಸುವ ಸಿಲಿಂಡರ್ ಕಂಡಿತ್ತು. ಅದರ ಅವಧಿ ಮುಗಿದಿದೆಯೋ ಇಲ್ಲವೋ ನೋಡೋಣ ಎಂದು ಹತ್ತಿರ ಹೋದರು. (ಮುಗಿದಿತ್ತು. ಅವರು ಇವತ್ತಿಗೂ ಅದನ್ನೇ ಒತ್ತಿ ಹೇಳುತ್ತಾರೆ.) ತಿರುಗಿ ನೋಡಿದರೆ ಕೈಯಲ್ಲಿ ಮಗನಿಲ್ಲ, ಯಾರದೋ ಬಲೂನಿನ ದಾರವಿತ್ತು. ಅಷ್ಟರಲ್ಲಿ ಧ್ವನಿವರ್ಧಕ ಮಾತಾಡಿತು. “ನೀಲಿ ಚಡ್ಡಿಯ ಮಗುವೊಂದು ನಮ್ಮಲ್ಲಿದೆ. ಮಗುವಿನ ತಂದೆ ‘ರೀ’ ಎಂಬುವವರು ಎಲ್ಲಿದ್ದರೂ ಕೂಡಲೇ ವಿಚಾರಣಾ ಕೊಠಡಿಗೆ ಬರಬೇಕು.” ಅಪ್ಪನ ಹೆಸರೇನು ಎಂದು ಕೇಳಿದವರಿಗೆ ಚೋಟು, ಅಮ್ಮ ದಿನಕ್ಕೆ ನೂರು ಸಲ ಕೂಗುವ ಹೆಸರನ್ನೇ ಹೇಳಿದ್ದ. ಆ ಕರೆಗೆ ವಿಚಾರಣಾ ಕೊಠಡಿಯ ಮುಂದೆ ಗಾಬರಿಬಿದ್ದ ಗಂಡಂದಿರ ದೊಡ್ಡ ಗುಂಪೇ ಸೇರಿತ್ತು. ನಮ್ಮ ಸಾಹೇಬರು ಅದರಲ್ಲಿ ಕಟ್ಟಕಡೆಗೆ ಬಂದವರು.

“ಒಂದು ಸಲ ಆಯ್ತಪ್ಪ. ಅದನ್ನೇ ಎಷ್ಟು ದಿನ ಎಳೀತೀಯ?” ಅಂದರು ಸಾಹೇಬರು.

“ನಾನೆಲ್ಲಿ ಎಳೆದೆ? ಎಷ್ಟು ಜನ ವಾಪಸ್ ಬರ್ತೀವಿ ಅಂತ ಕೇಳ್ದೆ ಅಷ್ಟೆ. ಮಕ್ಕಳು ಹುಟ್ಟಿದಾಗಿಂದ ಅವರಿಬ್ಬರನ್ನ ಒಂದು ಪೂರ್ತಿ ದಿನ ನೀವೊಬ್ರೇ ನೋಡ್ಕೊಂಡಿದ್ದು ಉಂಟಾ?”

“ಹನ್ನೆರಡು ಅಂತಸ್ತಿನ ಜನಾನ ನೋಡ್ಕೋತೀನಿ ನಾನು.”

“ಅವರು ಒಂದಕ್ಕೆ ಬಂದ್ರೆ ತಾವೇ ಹೋಗಿ ಬರ್ತಾರೆ.”

ಸಾಹೇಬರಿಗೆ ರೋಷ ಬಂತು. ಥೀಮ್ ಪಾರ್ಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಕ್ಕಳು ತಮ್ಮ ಜವಾಬ್ದಾರಿ, ಹೆಂಡತಿ ಬರೀ ಅತಿಥಿ ಎಂದು ಘೋಷಿಸಿಬಿಟ್ಟರು. ಬಟ್ಟೆ ಮಡಚುತ್ತಿದ್ದ ಕೈ ನಿಂತಿತು.

“ನಿಜವಾಗ್ಲೂ? ನಾನು ಜೈಂಟ್ ವೀಲ್ ಹತ್ತಬಹುದಾ? ಒಬ್ಳೇ?” ಅವಳ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. “ಯಾರೂ ಅಮ್ಮಾ ಅಂತ ಕೂಗದಿರೋ ಜಾಗದಲ್ಲಿ ಒಂದೇ ಒಂದು ಸಲ ಸುಮ್ನೆ ಕೂತ್ಕೋಬೇಕು ಅಂತ ಎಷ್ಟು ವರ್ಷದಿಂದ ಆಸೆ ಗೊತ್ತಾ ನಂಗೆ?”

“ಹತ್ತು. ಎಷ್ಟು ಸಲ ಬೇಕಾದ್ರೂ ಹತ್ತು.”

“ಮಧ್ಯೆ ನನ್ನನ್ನ ಸಹಾಯಕ್ಕೆ ಕರೆದ್ರೆ?”

“ಕರೆಯಲ್ಲ.”

“ಕರೆದ್ರೆ ಅಂತ ಕೇಳ್ತಿರೋದು.” ದನಿ ಮತ್ತೆ ಸೂಜಿಯಾಗಿತ್ತು. “ಕರೆದ್ರೆ ಭಾನುವಾರ ಬೆಳಗ್ಗೆ ನಂದು. ಮಕ್ಕಳ ಜೊತೆ ನೀವು ಏಳ್ಬೇಕು, ನಾನು ಮಲಗಿರ್ತೀನಿ. ಒಂದು ಭಾನುವಾರ ಅಲ್ಲ, ಎಲ್ಲಾ ಭಾನುವಾರ.”

ಭಾನುವಾರದ ಬೆಳಗಿನ ನಿದ್ದೆ ಸಾಹೇಬರ ಆಸ್ತಿ, ಐಶ್ವರ್ಯ, ಸಾಮ್ರಾಜ್ಯ. ಶಾಲೆಯ ದಿನ ಎಬ್ಬಿಸಿದರೂ ಏಳದ ಮಕ್ಕಳು ಭಾನುವಾರ ಮಾತ್ರ ಕತ್ತಲಿರುವಾಗಲೇ ಎದ್ದು ಅಮ್ಮನ ಹೊಟ್ಟೆಯ ಮೇಲೆ ಹತ್ತಿ ಕುಣಿಯುತ್ತಿದ್ದರು. ಆಗ ಮುಸುಕನ್ನು ಇನ್ನಷ್ಟು ಎಳೆದುಕೊಂಡು, ನಿದ್ದೆ ಬಾರದಿದ್ದರೂ ಗೊರಕೆ ಹೊಡೆಯುವ ಕಲೆ ಅವರಿಗೆ ಸಿದ್ಧಿಸಿತ್ತು. ಅಂಥದ್ದನ್ನು ಪಣಕ್ಕಿಡುವುದೇ? ಆದರೆ ಹಿಂದೆ ಸರಿದರೆ ‘ರೀ’ ಎಂಬುವವರ ಮಾನ ಉಳಿಯುವುದಿಲ್ಲ.

“ಆಗಲಿ. ನಾನು ಗೆದ್ರೆ ಆ ವಸ್ತುಪ್ರದರ್ಶನದ ಮಾತು ಈ ಮನೇಲಿ ಇನ್ಯಾವತ್ತೂ ಬರಬಾರದು.”

“ಬರಲ್ಲ,” ಅಂದಳು ಹೆಂಡತಿ, ಮತ್ತೆ ಬಟ್ಟೆ ಮಡಚತೊಡಗಿ. ಅಷ್ಟು ಬೇಗ ಒಪ್ಪಿದಳಲ್ಲ ಎಂದು ಸಾಹೇಬರಿಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಮರುದಿನದಿಂದಲೇ ಯುದ್ಧಸಿದ್ಧತೆ. ಬೇರೆ ಅಪ್ಪಂದಿರಾದರೆ ಟೋಪಿ, ಬಿಸ್ಕತ್ತು, ನೀರಿನ ಬಾಟಲಿ ಎಂದು ಯೋಚಿಸುತ್ತಿದ್ದರು. ಸಾಹೇಬರು ಪಾರ್ಕಿನ ನಕ್ಷೆಯನ್ನು ತರಿಸಿ ಗೋಡೆಗೆ ಅಂಟಿಸಿದರು. ಜನಜಂಗುಳಿಯಲ್ಲಿ ಮಕ್ಕಳು ಕೈತಪ್ಪಿದರೆ? ಅದಕ್ಕೆಂದೇ ಇದೆ ಅಣಕು ಕಾರ್ಯಾಚರಣೆ. ನಕ್ಷೆಯ ನಟ್ಟನಡುವೆ ಸಿಮೆಂಟಿನ ದೊಡ್ಡ ಜಿರಾಫೆಯೊಂದು ನಿಂತಿತ್ತು. ಅದರ ಕಾಲ ಬುಡವೇ ‘ಸೇರುವ ಸ್ಥಳ’ ಎಂದು ಗೊತ್ತುಮಾಡಿದರು. ಸೀಟಿ ಕೇಳಿದ ಕೂಡಲೇ ಮಕ್ಕಳು ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಜಿರಾಫೆಯ ಕೆಳಗೆ ಓಡಿ ಬಂದು ತಲೆಯ ಮೇಲೆ ಕೈಯಿಟ್ಟು ಕೂರಬೇಕು. ಮನೆಯಲ್ಲಿ ಜಿರಾಫೆಯ ಪಾತ್ರ ಊಟದ ಮೇಜಿಗೆ ಬಂತು.

“ಏಳೋದು ಯಾವಾಗ?” ಎಂದು ಕೇಳಿದಳು ದೊಡ್ಡವಳು. ಅವಳಿಗೆ ಯಾವ ಆಟಕ್ಕೂ ಕಾನೂನು ಮೊದಲು ಗೊತ್ತಾಗಬೇಕು.

ಕಚೇರಿಯಲ್ಲಿ ಸಾಹೇಬರೇ ಬರೆದ ಕಟ್ಟಳೆಯೊಂದಿತ್ತು. ಸೀಟಿ ಊದಿದವನೇ ‘ಇನ್ನು ಭಯವಿಲ್ಲ’ ಎಂದು ಹೇಳಕೂಡದು. ಒಬ್ಬನೇ ಎರಡನ್ನೂ ಮಾಡಿದರೆ ಅವಸರದಲ್ಲಿ ಎಡವಟ್ಟಾಗುತ್ತದೆ. ಅದನ್ನು ಬೇರೊಬ್ಬರು ಪರಿಶೀಲಿಸಿ ಹೇಳಬೇಕು. ಮನೆಯಲ್ಲಿ ಬೇರೊಬ್ಬರು ಅಂದರೆ ಇನ್ನಾರು?

“ಅಮ್ಮ ಬಂದು ‘ಸರ್ವವೂ ಕ್ಷೇಮ, ಎಲ್ಲರೂ ಏಳಬಹುದು’ ಅಂದ್ಮೇಲೇ ಏಳೋದು. ಬೇರೆ ಯಾರು ಹೇಳಿದ್ರೂ ಏಳಬಾರದು. ಪೊಲೀಸ್ ಹೇಳಿದ್ರೂ ಇಲ್ಲ. ನಾನು ಹೇಳಿದ್ರೂ ಇಲ್ಲ. ಮಧ್ಯೆ ಯಾರಾದ್ರೂ ಎದ್ರೆ ಮತ್ತೆ ಮೊದಲಿಂದ.”

“ನಾನ್ಯಾಕ್ರೀ ಮಧ್ಯೆ?” ಎಂದು ಒಳಗಿನಿಂದ ಹೆಂಡತಿ ಕೇಳಿದಳು.

“ನಿಯಮ ಅಂದ್ರೆ ನಿಯಮ ಕಣೇ,” ಅಂದರು ಸಾಹೇಬರು. ಪಾಪ, ಆ ಹೊತ್ತಿಗೆ ಅವರಿಗೆ ತುಂಬಾ ಸಂತೋಷವಾಗಿತ್ತು.

ದಿನವೂ ಸಂಜೆ ತಾಲೀಮು ನಡೆಯಿತು. ಮೊದಮೊದಲು ಚೋಟು ಮೇಜಿನ ಬದಲು ಮಂಚದ ಕೆಳಗೆ ನುಗ್ಗಿ ಅಲ್ಲೇ ನಿದ್ದೆಹೋಗುತ್ತಿದ್ದ. ಕ್ರಮೇಣ ಪಳಗಿದ. ವಾರ ಕಳೆಯುವಷ್ಟರಲ್ಲಿ ಸೀಟಿಗೂ ಮೇಜಿಗೂ ನಡುವೆ ಸಾಹೇಬರಿಗೆ ಉಸಿರೆಳೆಯುವಷ್ಟೂ ಪುರುಸೊತ್ತು ಸಿಗದಾಯಿತು. ಕೆಳಗಿನ ಮನೆಯ ಮುದುಕರು ಮೇಲೆ ಬಂದು, “ನಿಮ್ಮನೇಲಿ ದಿನಾ ಸಂಜೆ ಯಾರನ್ನ ಹಿಡೀತಿದ್ದೀರಿ?” ಎಂದು ವಿಚಾರಿಸಿಕೊಂಡು ಹೋದರು.

ಒಂದು ದಿನ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ರೀ, ಕುಕ್ಕರ್ ಕೂಗಿದ್ರೂ ಮಕ್ಕಳು ಮೇಜಿನ ಕೆಳಗೆ ಓಡ್ತಿದ್ದಾರೆ. ಆಲೂಗಡ್ಡೆ ಬೇಯೋಷ್ಟರಲ್ಲಿ ನಾಲ್ಕು ಸಲ ಸರ್ವವೂ ಕ್ಷೇಮ ಅಂದು ಬಂದೆ.”

“ನೋಡಿದ್ಯಾ, ರಕ್ತಗತ ಆಗೋಗಿದೆ,” ಅಂದರು ಸಾಹೇಬರು ಹಿಗ್ಗಿ.

“ರಕ್ತದ ವಿಷಯ ನಂಗೂ ಸ್ವಲ್ಪ ಗೊತ್ತು. ಅಲ್ಲಾರೀ, ಆ ಪಾರ್ಕಿನಲ್ಲಿ...” ಎಂದು ಏನೋ ಹೇಳಹೊರಟವಳು, ಗಂಡನ ಉಬ್ಬಿದ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. “ಏನಿಲ್ಲ ಬಿಡಿ. ನಾನು ಅತಿಥಿ.”

ಹೊರಡುವ ಹಿಂದಿನ ಸಂಜೆ ಅಂತಿಮ ಪರೀಕ್ಷೆ. ಸೀಟಿ ಊದಿ ಮಕ್ಕಳನ್ನು ಕೂರಿಸಿ, ಸಾಹೇಬರು ಚಾಕೊಲೇಟ್ ಹಿಡಿದು ಬಗ್ಗಿದರು. “ಏಳ್ರೋ, ಆಯ್ತು, ತಗೊಳ್ಳಿ.” ಚೋಟುವಿನ ಬಾಯಲ್ಲಿ ನೀರೂರಿತು, ಆದರೆ ಕೈ ತಲೆ ಬಿಟ್ಟು ಕದಲಲಿಲ್ಲ. “ನೀನಲ್ಲ ಅಪ್ಪ, ಅಮ್ಮ ಹೇಳ್ಬೇಕು,” ಅಂದಳು ದೊಡ್ಡವಳು. ಗದರಿಸಿದರು, ಬೇಡಿಕೊಂಡರು, ಅತ್ತಂತೆ ನಟಿಸಿದರು. ಊಹೂಂ. ಮಕ್ಕಳು ತಮ್ಮ ನಿಯಮವನ್ನು ಇಷ್ಟರಮಟ್ಟಿಗೆ ಪಾಲಿಸಿ ತಮ್ಮ ಮಾತನ್ನೇ ಕೇಳದಿದ್ದುದು ಕಂಡು ಸಾಹೇಬರ ಕಣ್ಣು ಹೆಮ್ಮೆಯಿಂದ ನಿಜಕ್ಕೂ ಒದ್ದೆಯಾಯಿತು.

ಪಾರ್ಕಿನ ಬಾಗಿಲು ದಾಟಿದ ಕೂಡಲೇ ಹೆಂಡತಿ ತನ್ನ ಚೀಲವನ್ನು ಗಂಡನ ಹೆಗಲಿಗೆ ಹಾಕಿದಳು.

“ಫೋನು?” ಅಂದರು ಸಾಹೇಬರು.

“ಅದೂ ಅದರಲ್ಲೇ ಇದೆ. ಅತಿಥಿಗೆ ಯಾಕೆ ಫೋನು?” ಎಂದು ಕೈಬೀಸಿಕೊಂಡು ಜೈಂಟ್ ವೀಲ್ ಕಡೆ ಹೊರಟೇ ಬಿಟ್ಟಳು. ಮದುವೆಯಾದ ಮೇಲೆ ಅವಳು ಎರಡೂ ಕೈ ಬೀಸಿಕೊಂಡು ನಡೆದದ್ದನ್ನು ಸಾಹೇಬರು ನೋಡಿದ್ದು ಅದೇ ಮೊದಲು. ಒಂದು ಗಳಿಗೆ ಅವರಿಗೆ ಪಾಪ ಅನ್ನಿಸಿತು. ಆಮೇಲೆ ಭಾನುವಾರ ನೆನಪಾಗಿ, ತೊಟ್ಟು ಬಂದಿದ್ದ ಕಚೇರಿಯ ಕಿತ್ತಳೆ ಜಾಕೆಟ್ಟಿನ ಗುಂಡಿ ಬಿಗಿಮಾಡಿಕೊಂಡರು.

ಜಿರಾಫೆ ನಕ್ಷೆಯಲ್ಲಿದ್ದ ಕಡೆಯೇ ಇತ್ತು. ಮಕ್ಕಳಿಗೆ ಅದನ್ನು ತೋರಿಸಿ, ಮುಟ್ಟಿಸಿ, ಪುಟಾಣಿ ರೈಲಿನಲ್ಲಿ ಕೂರಿಸಿದರು. ಚೋಟು ಕೇಕೆ ಹಾಕಿದ. ದೊಡ್ಡವಳು ಕಂಬಿ ಹಿಡಿದು ಸಜ್ಜಾದಳು. ಸಾಹೇಬರು ಫೋಟೊ ತೆಗೆಯಲು ಫೋನ್ ಎತ್ತಿದರು. ಆಗ ರೈಲಿನ ಗಾರ್ಡು ಹಸಿರು ಬಾವುಟ ಬೀಸಿ, ಕೆನ್ನೆ ಉಬ್ಬಿಸಿ, ಸೀಟಿ ಊದಿದ.

ಫೋಟೊದಲ್ಲಿ ಬಂದದ್ದು ಖಾಲಿ ಬೋಗಿ.

ನಕ್ಷೆಯಲ್ಲಿ ಎಲ್ಲವೂ ಇರುತ್ತದೆ, ಸದ್ದು ಇರುವುದಿಲ್ಲ. ಆ ಪಾರ್ಕಿನಲ್ಲಿ ರೈಲು ಹೊರಡಲು ಸೀಟಿ, ನಿಲ್ಲಲು ಸೀಟಿ, ಜೋಕಾಲಿ ತೂಗಲು ಸೀಟಿ, ಈಜುಕೊಳದಲ್ಲಿ ಆಳಕ್ಕೆ ಹೋದವರಿಗೆ ಸೀಟಿ, ಸಾಲು ತಪ್ಪಿದವರಿಗೆ ಸೀಟಿ. ಸೀಟಿಯನ್ನೇ ಹೊಟ್ಟೆಪಾಡು ಮಾಡಿಕೊಂಡ ಮನುಷ್ಯನಿಗೆ, ಲೋಕದಲ್ಲಿ ಬೇರೆಯವರ ಬಳಿಯೂ ಸೀಟಿ ಇದ್ದೀತು ಎಂಬುದು ಹೊಳೆದೇ ಇರಲಿಲ್ಲ.

ಸಾಹೇಬರು ಓಡಿ ಬರುವಷ್ಟರಲ್ಲಿ ಮಕ್ಕಳಿಬ್ಬರೂ ಜಿರಾಫೆಯ ಕಾಲ ಬುಡದಲ್ಲಿ ತಲೆಯ ಮೇಲೆ ಕೈಯಿಟ್ಟು ಕೂತಿದ್ದರು.

“ಅದು ನಮ್ಮ ಸೀಟಿ ಅಲ್ಲಮ್ಮ. ರೈಲಿಂದು. ಏಳು.”

“ಅಮ್ಮ ಹೇಳ್ಬೇಕು.”

“ಐಸ್‌ಕ್ರೀಮ್ ಕೊಡಿಸ್ತೀನಿ.”

“ಪರೀಕ್ಷೇಲೂ ನೀನು ಹೀಗೇ ಹೇಳಿದ್ದೆ,” ಅಂದಳು ದೊಡ್ಡವಳು, ಅಪ್ಪನ ಕಡೆ ನೋಡದೆ.

ಕಂಬದ ಮರೆಗೆ ಹೋಗಿ ಹೆಂಡತಿಯ ದನಿಯಲ್ಲಿ “ಸರ್ವವೂ ಕ್ಷೇಮ” ಎಂದು ಉಲಿದು ನೋಡಿದರು. ಅಲ್ಲಿ ಪಾಪ್‌ಕಾರ್ನ್ ಮಾರುತ್ತಿದ್ದ ಹೆಂಗಸು ಗಾಡಿಯನ್ನು ಸ್ವಲ್ಪ ದೂರ ತಳ್ಳಿಕೊಂಡಳು. ಚೋಟುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಅವನು ಊರಿಗೆಲ್ಲ ಕೇಳುವಂತೆ “ಮೊದಲಿಂದ, ಮೊದಲಿಂದ” ಎಂದು ಕಿರುಚಿದಾಗ, ನೋಡಿದವರು ಮಕ್ಕಳ ಕಳ್ಳನೇನೋ ಎಂಬಂತೆ ಹತ್ತಿರ ಬಂದರು. ಮೆಲ್ಲಗೆ ಇಳಿಸಿದರು. ಅಷ್ಟರಲ್ಲಿ ಈಜುಕೊಳದ ಕಡೆ ಮತ್ತೊಂದು ಸೀಟಿ. ಮಕ್ಕಳು ಇನ್ನಷ್ಟು ನೆಟ್ಟಗೆ ಕೂತರು.

ಇಷ್ಟಕ್ಕೇ ಮುಗಿದಿದ್ದರೆ ಮಾನ ಮನೆಯೊಳಗೇ ಉಳಿಯುತ್ತಿತ್ತು. ಆದರೆ ಕಿತ್ತಳೆ ಜಾಕೆಟ್ಟು, ಕೊರಳಲ್ಲಿ ಸೀಟಿ, ಬೆವರಿಳಿಯುವ ಮುಖ, ಪಕ್ಕದಲ್ಲಿ ತಲೆಯ ಮೇಲೆ ಕೈಹೊತ್ತ ಎಳೆಯ ಮಕ್ಕಳು. ದಾರಿಯಲ್ಲಿ ಹೋಗುತ್ತಿದ್ದ ದೊಡ್ಡ ಸಂಸಾರವೊಂದು ನಿಂತಿತು.

“ಏನಾಯ್ತು ಸಾರ್?” ಎಂದು ಕೇಳಿದರು ಅದರ ಹಿರಿಯರು.

“ಏನೂ ಆಗಿಲ್ಲ. ಯಾರೂ ಗಾಬರಿ ಆಗಬೇಡಿ,” ಅಂದರು ಸಾಹೇಬರು, ಅಭ್ಯಾಸಬಲದಿಂದ ಕಚೇರಿಯ ದನಿಯಲ್ಲಿ. ಗಾಬರಿಯಾಗದವರನ್ನು ಗಾಬರಿಪಡಿಸಲು ಅದಕ್ಕಿಂತ ಒಳ್ಳೆಯ ಮಾತು ಇನ್ನೊಂದಿಲ್ಲ. ಸಂಸಾರ ಪೂರ್ತಿ ಜಿರಾಫೆಯ ಕೆಳಗೆ ಕುಕ್ಕರಿಸಿತು. ಅವರನ್ನು ನೋಡಿ ಮತ್ತೊಂದು ಸಂಸಾರ. ಅವರನ್ನು ನೋಡಿ ಯಾವುದೋ ಶಾಲೆಯ ಮಕ್ಕಳು, ಹಿಂದೆಯೇ ಟೀಚರು. “ಏನಂತೆ?” “ಗೊತ್ತಿಲ್ಲ, ಮೊದ್ಲು ಕೂತ್ಕೊಳ್ಳಿ.” ಪಾರ್ಕಿನ ಕಾವಲುಗಾರ ವಾಕಿಟಾಕಿಯಲ್ಲಿ ಪಿಸುಗುಟ್ಟಿದ. ಹಾಡು ನಿಂತಿತು, ಜೋಕಾಲಿ ನಿಂತಿತು, ಕೊನೆಗೆ ಜೈಂಟ್ ವೀಲೂ ಗಕ್ಕನೆ ನಿಂತಿತು.

ಜಿರಾಫೆಯ ಸುತ್ತ ಶಿಸ್ತಾಗಿ ಕೂತ ಆ ಜನಸಾಗರವನ್ನು ಕಂಡು ಸಾಹೇಬರ ಎದೆ ಒಂದು ಕ್ಷಣ ಉಬ್ಬಿತು ಎನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರ ಕಚೇರಿಯಲ್ಲಿ ಒಬ್ಬನಾದರೂ ಇಷ್ಟು ಚೆನ್ನಾಗಿ ಕೂತಿರಲಿಲ್ಲ.

“ಸಾರ್, ಯಾವಾಗ ಏಳಬಹುದು?” ಎಂದ ಕಾವಲುಗಾರ, ಅವನೂ ಕೂತುಕೊಂಡೇ.

“ಅದನ್ನ ಅಪ್ಪ ಹೇಳೋ ಹಾಗಿಲ್ಲ,” ಎಂದು ದೊಡ್ಡವಳು ಎಲ್ಲರಿಗೂ ಕೇಳುವಂತೆ ವಿವರಿಸಿದಳು. “ಅಮ್ಮ ಹೇಳ್ಬೇಕು.”

“ಅಮ್ಮ ಎಲ್ಲಿ?”

ಚೋಟು ಒಂದು ಕೈ ಎತ್ತಿ ಆಕಾಶ ತೋರಿಸಿದ. ಹೆಂಗಸರು ಕೆಲವರು ಅಯ್ಯೋ ಪಾಪ ಎಂದರು. ಆಮೇಲೆ ಎಲ್ಲರೂ ಅವನ ಬೆರಳಿನ ನೇರಕ್ಕೆ ಕತ್ತೆತ್ತಿದರು. ಜೈಂಟ್ ವೀಲಿನ ಮೇಲ್ತುದಿಗೆ ಸ್ವಲ್ಪ ಈಚೆ, ಒಂಟಿ ತೊಟ್ಟಿಲಲ್ಲಿ, ಚಪ್ಪಲಿ ಕಳಚಿ ಎದುರಿನ ಸೀಟಿನ ಮೇಲೆ ಕಾಲು ಚಾಚಿ, ಅತಿಥಿ ಕೂತಿದ್ದಳು.

“ಲೇ, ಕೇಳಿಸ್ತಾ?” ಎಂದು ಕೂಗಿದರು ಸಾಹೇಬರು.

ಅವಳು ಬಗ್ಗಿ ನೋಡಿದಳು. “ಏನ್ರೀ? ಕರೆದ್ರಾ?”

ಹತ್ತಿಯ ಹಾಸಿಗೆ, ಎಳೆಬಿಸಿಲು, ಮುಸುಕು ಸಾಹೇಬರ ಕಣ್ಣ ಮುಂದೆ ಬಂದುಹೋದವು. “ಇಲ್ಲಪ್ಪ. ಸುಮ್ನೆ, ಹೇಗಿದೆ ಅಂತ ಕೇಳ್ದೆ.”

“ತುಂಬಾ ಚೆನ್ನಾಗಿದೆ,” ಎಂದು ಅವಳು ಮತ್ತೆ ಒರಗಿಕೊಂಡಳು.

ಆಗ ಚೋಟು ಅಪ್ಪನ ಪ್ಯಾಂಟು ಜಗ್ಗಿದ. “ಅಪ್ಪ, ಒಂದಕ್ಕೆ.”

“ಬಾ, ಓಡು, ಕರ್ಕೊಂಡು ಹೋಗ್ತೀನಿ.”

“ಅಮ್ಮ ಹೇಳ್ಬೇಕು,” ಅಂದ ಚೋಟು, ಅಳುಮುಖ ಮಾಡಿ, ಮೊಣಕಾಲು ಜೋಡಿಸಿಕೊಂಡು. ನಿಯಮಕ್ಕೂ ಪ್ರಕೃತಿಗೂ ನಡುವೆ ಸಿಕ್ಕಿ ಮಗು ನಡುಗುತ್ತಿತ್ತು. ಅದನ್ನು ನೋಡಿ ಸಾಹೇಬರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

“ಕರೀತಿದ್ದೀನಿ ಕಣೇ,” ಎಂದು ಕೊರಳು ಬಿರಿಯುವಂತೆ ಕೂಗಿದರು. “ಸಹಾಯ ಬೇಕು. ಬೇಗ ಹೇಳು.”

“ಭಾನುವಾರ?”

“ನಿಂದು.”

“ಎಲ್ಲಾ ಭಾನುವಾರ?”

“ಎಲ್ಲಾ ಅಂದ್ಬಿಡಿ ಸಾರ್,” ಎಂದು ಗೋಗರೆದರು ಪಕ್ಕದಲ್ಲಿ ಕೂತಿದ್ದ ಹಿರಿಯರು. “ಸೊಂಟ ಹಿಡ್ಕೊಂಡಿದೆ.”

“ಎಲ್ಲಾ.”

ಆಸ್ಪತ್ರೆಯಲ್ಲಿ ಜನ ತುಂಬಿದ ಹಜಾರಕ್ಕೆಲ್ಲ ಕೇಳುವಂತೆ ರೋಗಿಗಳ ಸರದಿ ಕೂಗಿ ಪಳಗಿದ ಗಂಟಲು ಅದು. ಅವಳು ಎದ್ದು ನಿಂತು, ಕಂಬಿ ಹಿಡಿದು, ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು. “ಸರ್ವವೂ ಕ್ಷೇಮ. ಎಲ್ಲರೂ ಏಳಬಹುದು.”

ಜಿರಾಫೆಯ ಕೆಳಗಿದ್ದ ಅಷ್ಟೂ ಜನ ಒಟ್ಟಿಗೆ ಎದ್ದರು. ಕೆಲವರು ಮೇಲೆ ನೋಡಿ ಕೈ ಮುಗಿದರು. ಚೋಟು ಅಪ್ಪನ ಹೆಗಲೇರಿ ಶೌಚಾಲಯದ ಕಡೆ ಸವಾರಿ ಹೊರಟ. ಅರ್ಧ ದಾರಿಯಲ್ಲೇ ಸಾಹೇಬರ ಜಾಕೆಟ್ಟಿನ ಬೆನ್ನು ಬೆಚ್ಚಗಾಯಿತು.

ಮಿಕ್ಕ ದಿನ ಸುಸೂತ್ರವಾಗಿ ಕಳೆಯಿತು. ಕೆಳಗಿಳಿದ ಹೆಂಡತಿ ಪ್ರತಿ ಸೀಟಿಗೂ ಮೊದಲೇ “ಕ್ಷೇಮ, ಕ್ಷೇಮ” ಎನ್ನುತ್ತ ಮಕ್ಕಳನ್ನು ಎಲ್ಲ ಆಟಗಳಿಗೂ ಹತ್ತಿಸಿದಳು. ಸಾಹೇಬರು ಜಾಕೆಟ್ ಒಣಗಿಸಿಕೊಳ್ಳುತ್ತ, ಚೀಲ ಹೊತ್ತು ಹಿಂದೆ ನಡೆದರು. “ಕುಕ್ಕರ್ ಕೂಗಿದ ದಿನಾನೇ ನಿಂಗೆ ಗೊತ್ತಿತ್ತು ಅಲ್ವಾ?” ಎಂದು ಬಸ್ಸಿನಲ್ಲಿ ಕೇಳಿದಾಗ ಅವಳು ಕಿಟಕಿಯಾಚೆ ನೋಡುತ್ತ, “ಅತಿಥಿಗಳು ಮನೆಯವರ ಕೆಲಸದಲ್ಲಿ ಬಾಯಿ ಹಾಕಬಾರದು ರೀ,” ಅಂದಳು. ಮನೆ ಮುಟ್ಟಿ ಮಂಚದ ಮೇಲೆ ಬಿದ್ದ ಮೇಲೆ ಸಾಹೇಬರಿಗೆ ಚುರುಕ್ ಅಂದಿತು.

ಭಾನುವಾರ ಬಂತು. ಸೂರ್ಯನಿಗೂ ಸರಿಯಾಗಿ ಎಚ್ಚರವಾಗಿರಲಿಲ್ಲ. ಸೀಟಿ ಈಗ ದೊಡ್ಡವಳ ಕೊರಳಲ್ಲಿತ್ತು. ಅವಳು ಊದಿದಳು. ಸಾಹೇಬರು ಮುಸುಕು ತೆಗೆದು, ಎದ್ದು, ಕಣ್ಣುಜ್ಜುತ್ತ ಬಂದು ಮಕ್ಕಳ ಪಕ್ಕದಲ್ಲಿ ಊಟದ ಮೇಜಿನ ಕೆಳಗೆ ತಲೆ ತಗ್ಗಿಸಿ ಕೂತರು. ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಂಡಿತು.

“ನಾನೊಂದ್ಸಲ ಎದ್ದು ಕಾಫಿ ಮಾಡ್ಕೊಂಡು ಬರ್ಲಾ?”

“ಯಾರಾದ್ರೂ ಎದ್ರೆ ಮತ್ತೆ ಮೊದಲಿಂದ,” ಅಂದಳು ದೊಡ್ಡವಳು. “ನೀನೇ ಹೇಳಿದ್ದು.”

ಬಿಸಿಲು ಮೇಜಿನ ಕಾಲಿನವರೆಗೆ ಹರಿದು ಬಂದ ಮೇಲೆ ಬಾಗಿಲು ತೆರೆಯಿತು. ಹೆಂಡತಿ ಬಂದು ಒಂದು ಲೋಟ ನೀರು ಕುಡಿದು, ಬಗ್ಗಿ, ತಲೆಯ ಮೇಲೆ ಕೈಯಿಟ್ಟ ಮೂವರನ್ನೂ ನೋಡಿದಳು. “ಸರ್ವವೂ...” ಅಂದಳು. ಸಾಹೇಬರು ಆಸೆಯಿಂದ ಒಂದು ಮೊಣಕಾಲು ಎತ್ತಿದರು. ಅಷ್ಟರಲ್ಲಿ ಅವಳಿಗೆ ದೊಡ್ಡದೊಂದು ಆಕಳಿಕೆ ಬಂತು.

“ಇರಿ, ಇನ್ನೊಂದು ನಿದ್ದೆ ತೆಗೆದು ಬಂದು ಹೇಳ್ತೀನಿ,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಾಹೇಬರು ಮೊಣಕಾಲು ಇಳಿಸಿ, ಕೈಯನ್ನು ಮತ್ತೆ ತಲೆಯ ಮೇಲಿಟ್ಟುಕೊಂಡರು.